ಕೊರೊನಾ ನಂತರ ಹಂಪಿ, ಆನೆಗೊಂದಿಗೆ ಮೊದಲಿನಂತೆಯೇ ಹೋಗಿ ಬರಬಹುದೇ?

ಪ್ರಶ್ನೆ: ಕೊರೊನಾಕ್ಕೆ ಮುಂಚೆ ನಾವು ಬಳ್ಳಾರಿಯಿಂದ ಹಂಪಿಗೆ ಹೋದಾಗಲೆಲ್ಲ ತುಂಗಭದ್ರಾ ಹೊಳೆ ದಾಟಿ ವಿರುಪಾಪುರ ಗಡ್ಡಿ ಎಂಬ ನಡುಗಡ್ಡೆಯಲ್ಲಿ ಉಳಿಯುತ್ತಿದ್ದೆವು. ಈಗ ವಯಸ್ಸಾದ ತಂದೆ-ತಾಯಿಯನ್ನು ಕರೆದುಕೊಂಡು ಮತ್ತೆ ಹೋಗಬೇಕೆಂದಿದ್ದೇವೆ. ಗಡ್ಡಿಯ ರೆಸಾರ್ಟ್‌ಗಳು ಕೊರೊನಾದಿಂದ ಮುಚ್ಚಿದವು, ಮತ್ತೆ ತೆರೆಯುತ್ತವೆ ಎಂದು ಕೆಲವರು ಹೇಳುತ್ತಾರೆ. ಇದು ನಿಜವೇ? ಮೊದಲಿನಂತೆಯೇ ಹೋಗಿ ಬರಬಹುದೇ?

ಉತ್ತರ: ಧಾರಾಳವಾಗಿ ಹೋಗಿ ಬನ್ನಿ. ಲಸಿಕೆಯ ಪ್ರಮಾಣಪತ್ರವನ್ನಾಗಲಿ, ಪರೀಕ್ಷೆಯ ವರದಿಯನ್ನಾಗಲಿ ಈಗ ಯಾರೂ ಕೇಳುವುದಿಲ್ಲ. ಸ್ಮಾರಕಗಳು 2020ರ ಮಾರ್ಚ್‌ನಲ್ಲಿ ಒಮ್ಮೆ, 2021ರ ಏಪ್ರಿಲ್‌ನಿಂದ ಜೂನ್‌ವರೆಗೆ ಮತ್ತೊಮ್ಮೆ ಮುಚ್ಚಿದ್ದವು; ವಿಶ್ವ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ಜಾಗತಿಕ ತುರ್ತು ಪರಿಸ್ಥಿತಿ ಮುಗಿಯಿತೆಂದು ಘೋಷಿಸಿತು. ಆದರೆ ಗಡ್ಡಿಯ ರೆಸಾರ್ಟ್‌ಗಳ ವಿಷಯದಲ್ಲಿ ನಿಮಗೆ ಯಾರೋ ಹೇಳಿರುವುದು ಸರಿಯಲ್ಲ. ಅವು ರೋಗದಿಂದ ಮುಚ್ಚಿದವಲ್ಲ, ಹಾಗಾಗಿ ರೋಗ ಹೋಯಿತೆಂದು ತೆರೆಯುವಂಥವೂ ಅಲ್ಲ.

ಕರ್ನಾಟಕ ಹೈಕೋರ್ಟ್ 2015ರಲ್ಲಿ ನೀಡಿದ್ದ ತೀರ್ಪನ್ನು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಎತ್ತಿಹಿಡಿದು, ಅನುಮತಿಯಿಲ್ಲದೆ ಕಟ್ಟಿದ್ದ ಈ ಕಟ್ಟಡಗಳನ್ನು ತೆರವುಗೊಳಿಸಬೇಕೆಂದು ಹೇಳಿತು. ಮಾರ್ಚ್ ಮೊದಲ ವಾರಗಳಲ್ಲಿ ಜೆಸಿಬಿಗಳು ಗಡ್ಡಿಗೆ ಬಂದವು. ದೇಶದಾದ್ಯಂತ ಲಾಕ್‌ಡೌನ್ ಆರಂಭವಾದದ್ದು ಅದೇ ಮಾರ್ಚ್ 25ರಂದು. ಎರಡೂ ಬೆನ್ನುಬೆನ್ನಿಗೆ ನಡೆದುದರಿಂದ ಜನರ ನೆನಪಿನಲ್ಲಿ ಒಂದಕ್ಕೊಂದು ಬೆರೆತುಹೋಗಿವೆ. ಹಂಪಿಯು 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು; ಹೊಳೆಯಾಚೆಯ ಆನೆಗೊಂದಿಯ ಬಳಿ ಒಂದು ದೊಡ್ಡ ಸೇತುವೆಯನ್ನೂ ಇದೇ ಗಡ್ಡಿಗೆ ಒಂದು ಕಾಲುಸೇತುವೆಯನ್ನೂ ಕಟ್ಟಲು ಹೊರಟ ಕಾರಣಕ್ಕೆ 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು. ಆ ಅವಧಿಯಲ್ಲಿಯೇ ರೂಪುಗೊಂಡ 2002ರ ಕಾಯ್ದೆಯಡಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವು ಹೊಳೆಯ ಎರಡೂ ದಂಡೆಗಳಲ್ಲಿ ಯಾವ ಭೂಮಿಯನ್ನು ಯಾವುದಕ್ಕೆ ಬಳಸಬಹುದೆಂಬುದನ್ನು ನಿಯಂತ್ರಿಸುತ್ತದೆ. ಕೃಷಿಭೂಮಿಯಲ್ಲಿ ವಾಣಿಜ್ಯ ಕಟ್ಟಡಗಳು ಎದ್ದದ್ದೇ ಗಡ್ಡಿಯ ತಕರಾರಿನ ಮೂಲ. ತೀರ್ಪು ಪರಂಪರೆಯ ರಕ್ಷಣೆಗೆ ಅಗತ್ಯವಾಗಿತ್ತೆಂದೇ ನಾನು ನಂಬುತ್ತೇನೆ. ಆದರೂ ಅಲ್ಲಿ ಅಡುಗೆ ಮಾಡಿ, ಕೋಣೆ ಗುಡಿಸಿ, ಬಾಡಿಗೆಗೆ ಬೈಕು ಕೊಟ್ಟು ಬದುಕುತ್ತಿದ್ದವರಿಗೆ, ಕೆಲಸ ಹೋದ ಕೆಲವೇ ದಿನಗಳಲ್ಲಿ ಬೇರೆ ಕೆಲಸ ಹುಡುಕುವ ದಾರಿಯೂ ಮುಚ್ಚಿಹೋಯಿತೆಂಬುದನ್ನು ಮರೆಯಬಾರದು.

ಹಾಗಾದರೆ ಎಲ್ಲಿ ಉಳಿಯುವುದು? ಹಿರಿಯರು ಜೊತೆಗಿರುವುದರಿಂದ ಹೊಸಪೇಟೆ ಅಥವಾ ಕಮಲಾಪುರ ಅನುಕೂಲ. ಹೊಸಪೇಟೆಯಿಂದ ಹಂಪಿಗೆ ಸುಮಾರು 13 ಕಿಲೋಮೀಟರ್, ಆಸ್ಪತ್ರೆ ಮತ್ತು ಔಷಧಿ ಅಂಗಡಿಗಳೂ ಹತ್ತಿರ. ಹಳ್ಳಿಯ ವಾತಾವರಣವೇ ಬೇಕೆನಿಸಿದರೆ ಆನೆಗೊಂದಿಯ ಹೋಂಸ್ಟೇಗಳನ್ನು ನೋಡಿ. ಊರವರ ಮನೆಯಲ್ಲಿ ಉಳಿದು ರೊಟ್ಟಿ-ಪಲ್ಯ ಉಂಡರೆ ನೀವು ಕೊಡುವ ಹಣ ಆ ಮನೆಗೇ ಸೇರುತ್ತದೆ ಎಂಬ ಕಾರಣಕ್ಕೆ ನನಗೆ ಇದು ಹೆಚ್ಚು ಇಷ್ಟವಾದ ಆಯ್ಕೆ. ಮುಂಗಡ ಕಳಿಸುವ ಮೊದಲು ಪರವಾನಗಿ ಇದೆಯೇ ಎಂದು ಕೇಳಿ, ಅದರ ಪ್ರತಿಯನ್ನು ಫೋನಿಗೆ ತರಿಸಿಕೊಳ್ಳಿ. ಗಡ್ಡಿಯ ಪ್ರಕರಣದ ನಂತರ ಈ ಪ್ರಶ್ನೆಗೆ ಯಾರೂ ಬೇಸರಪಟ್ಟುಕೊಳ್ಳುವ ಹಾಗಿಲ್ಲ. ಸಾಣಾಪುರದ ಕಡೆ ಉಳಿದರೆ ಕತ್ತಲಾದ ಮೇಲೆ ಕಾಲುವೆ, ಕೆರೆಗಳ ಬಳಿ ಹೋಗಬೇಡಿ. 2025ರ ಮಾರ್ಚ್‌ನಲ್ಲಿ ಅಲ್ಲಿ ರಾತ್ರಿ ಹೊತ್ತು ಪ್ರವಾಸಿಗರ ಮೇಲೆ ಘೋರವಾದ ದಾಳಿ ನಡೆದು ಒಬ್ಬರು ಪ್ರಾಣ ಕಳೆದುಕೊಂಡರು.

ಬಳ್ಳಾರಿಯವರು ಇನ್ನೂ ರೂಢಿಯಲ್ಲಿ ‘ನಮ್ಮ ಜಿಲ್ಲೆಯ ಹಂಪಿ’ ಎನ್ನುತ್ತಾರೆ, ಅದರಲ್ಲಿ ಪ್ರೀತಿಯಿದೆ. ಆದರೆ 2021ರಲ್ಲಿ ವಿಜಯನಗರ ರಾಜ್ಯದ 31ನೇ ಜಿಲ್ಲೆಯಾದ ಮೇಲೆ ಹಂಪಿಯ ಆಡಳಿತ ಹೊಸಪೇಟೆಯಿಂದ ನಡೆಯುತ್ತದೆ. ಹೊಳೆಯಾಚೆಯ ಆನೆಗೊಂದಿ, ಸಾಣಾಪುರ, ಅಂಜನಾದ್ರಿ ಬೆಟ್ಟಗಳು ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನವು. ದೂರು ಕೊಡಬೇಕಾದ ಸಂದರ್ಭ ಬಂದರೆ ಈ ವ್ಯತ್ಯಾಸ ಗೊತ್ತಿರಬೇಕು.

ಹೊಳೆಯ ವಿಷಯಕ್ಕೆ ಬಂದರೆ, ಮಳೆಗಾಲದಲ್ಲಿ ಹೊರಡುವ ಮುನ್ನಾದಿನ ತುಂಗಭದ್ರಾ ಜಲಾಶಯದಿಂದ ಎಷ್ಟು ನೀರು ಬಿಡುತ್ತಿದ್ದಾರೆಂದು ತಪ್ಪದೆ ತಿಳಿದುಕೊಳ್ಳಿ. ಹೆಚ್ಚು ನೀರು ಬಿಟ್ಟಾಗ ಪುರಂದರ ಮಂಟಪ ಮುಳುಗುತ್ತದೆ, ದೋಣಿ, ತೆಪ್ಪಗಳು ನಿಲ್ಲುತ್ತವೆ. ಆಗ ಬುಕ್ಕಸಾಗರ–ಕಡೆಬಾಗಿಲು ಸೇತುವೆಯ ಮೂಲಕ ರಸ್ತೆಯಲ್ಲಿ ಸುತ್ತಿಹೋಗುವುದೇ ದಾರಿ; ವಯಸ್ಸಾದವರಿದ್ದಾಗ ಹೊಳೆ ಶಾಂತವಾಗಿದ್ದರೂ ನಾನು ಇದನ್ನೇ ಹೇಳುತ್ತೇನೆ. ನೀರು ಕಡಿಮೆಯಿದೆ ಎಂದು ಮಕ್ಕಳನ್ನು ಈಜಲು ಬಿಡಬೇಡಿ. ಬಂಡೆಗಳ ನಡುವಿನ ಸೆಳೆತ ಮೇಲಿನಿಂದ ಕಾಣುವುದಿಲ್ಲ, ಮೊಸಳೆಗಳೂ ಇವೆ.

ಅಂಜನಾದ್ರಿಗೆ 575 ಮೆಟ್ಟಿಲುಗಳಿವೆ. ತಂದೆ-ತಾಯಿಗೆ ಕೊರೊನಾ ತೀವ್ರವಾಗಿ ಬಂದುಹೋಗಿದ್ದು ಇನ್ನೂ ಏದುಸಿರು ಬರುತ್ತಿದ್ದರೆ ವೈದ್ಯರನ್ನು ಕೇಳದೆ ಹತ್ತಿಸಬೇಡಿ. ಕೆಳಗೆ ಹತ್ತಿರದಲ್ಲಿಯೇ ಇರುವ ಪಂಪಾ ಸರೋವರವನ್ನು ಆರಾಮವಾಗಿ ತೋರಿಸಬಹುದು. ವಿಜಯ ವಿಠ್ಠಲ ದೇವಾಲಯಕ್ಕೆ ವಾಹನ ನಿಲುಗಡೆಯ ಸ್ಥಳದಿಂದ ಬ್ಯಾಟರಿ ವಾಹನಗಳಿರುವುದರಿಂದ ಅಲ್ಲಿ ಅಷ್ಟು ತೊಂದರೆಯಿಲ್ಲ. ಪುರಾತತ್ವ ಇಲಾಖೆಯ ಟಿಕೆಟ್ಟನ್ನು ಈಗ ಫೋನಿನಲ್ಲಿಯೇ ಕೊಳ್ಳಬಹುದು. ವಿಠ್ಠಲ ದೇವಾಲಯಕ್ಕೆ ಕೊಂಡ ಟಿಕೆಟ್ಟೇ ಅದೇ ದಿನ ಕಮಲ ಮಹಲಿಗೂ ಕಮಲಾಪುರದ ವಸ್ತುಸಂಗ್ರಹಾಲಯಕ್ಕೂ ನಡೆಯುತ್ತದೆ, ಆದ್ದರಿಂದ ಈ ಮೂರನ್ನೂ ಒಂದೇ ದಿನಕ್ಕೆ ಹೊಂದಿಸಿಕೊಳ್ಳಿ. ವಿಠ್ಠಲ ದೇವಾಲಯದ ಸಂಗೀತ ಕಂಬಗಳನ್ನು ಬಡಿದು ಸ್ವರ ಕೇಳಲು ಅವಕಾಶವಿಲ್ಲ, ಮಾರ್ಗದರ್ಶಿ ತಾನಾಗಿ ಮುಂದಾದರೂ ಬೇಡವೆನ್ನಿ. ವಿರೂಪಾಕ್ಷ ದೇವಾಲಯದ ಮುಂದಿನ ಸಾಲುಮಂಟಪದ ಒಂದು ಭಾಗ 2024ರ ಮೇ ತಿಂಗಳ ಮಳೆಗೆ ಕುಸಿದಿತ್ತು. ಮಳೆ ಬಂದಾಗ ಇಂಥ ಹಳೆಯ ಮಂಟಪಗಳ ಕೆಳಗೆ ನಿಲ್ಲದಿರುವುದು ಒಳ್ಳೆಯದು.

ಕಾಲದ ಬಗ್ಗೆ ನೀವು ಕೇಳಿಲ್ಲವಾದರೂ ಹೇಳುತ್ತೇನೆ. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತೇ ಇದೆ, ಬಂಡೆಗಳ ನಡುವೆ ಅದು ಇನ್ನೂ ಹೆಚ್ಚು. ನವೆಂಬರ್‌ನಿಂದ ಫೆಬ್ರುವರಿಯ ನಡುವೆ, ವಾರದ ಮಧ್ಯದ ದಿನಗಳಲ್ಲಿ ಹೋಗಿ. ಹನುಮ ಭಕ್ತರು ವ್ರತ ಮುಗಿಸಿ ಮಾಲೆ ತೆಗೆಯುವ, ಡಿಸೆಂಬರ್‌ನ ಹನುಮಮಾಲೆ ವಿಸರ್ಜನೆಯ ದಿನಗಳಲ್ಲಿ ಅಂಜನಾದ್ರಿಯ ಸುತ್ತಮುತ್ತ ಮಾಲಾಧಾರಿಗಳು ಸಾವಿರಾರು ಸಂಖ್ಯೆಯಲ್ಲಿ ಸೇರುತ್ತಾರೆ, ಹಂಪಿ ಉತ್ಸವದ ದಿನಗಳಲ್ಲಿ ಕೋಣೆ ಸಿಗುವುದೇ ಕಷ್ಟ. ಉತ್ಸವವು ಮೊದಲಿನ ಹಾಗೆ ನವೆಂಬರ್‌ನಲ್ಲಿ ನಡೆಯದೆ, 2023ರಲ್ಲಿ ಜನವರಿ ಕೊನೆಗೆ, 2024ರಲ್ಲಿ ಫೆಬ್ರುವರಿ ಆರಂಭದಲ್ಲಿ ನಡೆದಿರುವುದರಿಂದ, ನೀವು ಹೋಗುವ ವರ್ಷದ ದಿನಾಂಕವನ್ನು ನೋಡಿಕೊಂಡೇ ಕೋಣೆ ಕಾಯ್ದಿರಿಸಿ.