ಬಸ್ಸು ಗುದ್ದಿದರೂ ಒಳಗಿನ ಇರುವೆ ಏಕೆ ಬದುಕುತ್ತದೆ?

ನಜ್ಜುಗುಜ್ಜಾದ ಬಸ್ಸಿನೊಳಗೆ ಇರುವೆಗಳು ಎಂದಿನಂತೆ ಓಡಾಡುತ್ತಿದ್ದರೆ "ಎಲ್ಲಾ ದೇವರ ಆಟರಿ" ಎಂದು ಕೈಮುಗಿಯುವವರು ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಬಹಳ. "ಹುಳಕ್ಕ ಮೊದಲ ಗೊತ್ತಾಗ್ತದ" ಎನ್ನುವವರೂ ಇದ್ದಾರೆ. ದೇವರನ್ನೂ ಭವಿಷ್ಯವನ್ನೂ ಇದಕ್ಕೆ ಎಳೆದು ತರಬೇಕಿಲ್ಲ; ಹೈಸ್ಕೂಲಿನ ಗಣಿತ ಸಾಕು.

"ಹಗುರ ಅದ, ಅದಕ್ಕ ಪೆಟ್ಟು ಬೀಳೂದಿಲ್ಲ" ಎಂಬ ಉತ್ತರ ಅರ್ಧ ಮಾತ್ರ ಸರಿ. ಗಂಟೆಗೆ 60 ಕಿ.ಮೀ. ವೇಗದ ಬಸ್ಸು ಗುದ್ದಿ 0.1 ಸೆಕೆಂಡಿನಲ್ಲಿ ನಿಂತಿತು ಎನ್ನಿ. ಬಸ್ಸಿನ ಜೊತೆಗೇ ನಿಲ್ಲಬೇಕಾದ ಪ್ರತಿಯೊಂದಕ್ಕೂ ತನ್ನ ತೂಕದ ಸುಮಾರು 17 ಪಟ್ಟು ಬಲ ಬೇಕು. 70 ಕಿಲೋ ಮನುಷ್ಯನಿಗೂ 17, ಐದು ಮಿಲಿಗ್ರಾಂ ಇರುವೆಗೂ 17. ಮನುಷ್ಯನ ಪಾಲಿಗೆ ಅದು ಸುಮಾರು 1200 ಕಿಲೋ ಭಾರ. ಮುಂದೆ ಲಿಂಬಿಹಣ್ಣು, ಮೆಣಸಿನಕಾಯಿ ಕಟ್ಟಿ, ಸೀಟ್ ಬೆಲ್ಟ್ ಹಾಕದೆ ಹೊರಡುವವರನ್ನು ಕಂಡಾಗ ನನಗೆ ಸಂಕಟವಾಗುವುದು ಈ ಲೆಕ್ಕಕ್ಕೇ.

ಹಾಗಾದರೆ ಇರುವೆ ಹೇಗೆ ತಾಳುತ್ತದೆ? ಅದರ ಉದ್ದ, ಅಗಲ, ಎತ್ತರ ಮೂರನ್ನೂ ಹತ್ತು ಪಟ್ಟು ಹಿಗ್ಗಿಸಿ ನೋಡಿ. ತೂಕ ಸಾವಿರ ಪಟ್ಟಾಗುತ್ತದೆ. ಆದರೆ ಕಾಲಿನ ಗಟ್ಟಿತನ ನಿಂತಿರುವುದು ಅದರ ದಪ್ಪದ ಮೇಲೆ, ಅಂದರೆ ಕತ್ತರಿಸಿದರೆ ಕಾಣುವ ಬಿಲ್ಲೆಯ ವಿಸ್ತೀರ್ಣದ ಮೇಲೆ. ಅದು ಬೆಳೆಯುವುದು ನೂರೇ ಪಟ್ಟು. ಪಾದದ ಹಿಡಿತವೂ ಅಷ್ಟೇ. ಹಿಗ್ಗಿದಷ್ಟೂ ತೂಕದ ಎದುರು ಬಲ ಸೋಲುತ್ತದೆ, ಕುಗ್ಗಿದಷ್ಟೂ ಗೆಲ್ಲುತ್ತದೆ. ಮಾವಿನ ಗಿಡದಲ್ಲಿ ಎಲೆ ಹೆಣೆದು ಗೂಡು ಕಟ್ಟುವ ಕೆಂಪಿರುವೆ ನುಣುಪಾದ ಮೇಲ್ಮೈಗೆ ತಲೆಕೆಳಗಾಗಿ ಅಂಟಿಕೊಂಡು ತನ್ನ ತೂಕದ ನೂರು ಪಟ್ಟು ಹೊತ್ತ ಚಿತ್ರವಿದೆ. ನೂರು ಹೊರುವ ಕಾಲಿಗೆ 17 ಯಾವ ಲೆಕ್ಕ!

ಇದನ್ನು ಮೊದಲು ಬಿಡಿಸಿ ಬರೆದವನು ಗೆಲಿಲಿಯೊ, 1638ರಲ್ಲಿ. ಮೂರ್ನಾಲ್ಕು ಮೊಳದಿಂದ ಬಿದ್ದ ಕುದುರೆಯ ಎಲುಬು ಮುರಿಯುತ್ತದೆ, ಗೋಪುರದಿಂದ ಬಿದ್ದ ಮಿಡತೆಗೆ ಏನೂ ಆಗದು ಎಂದ. ಆಗ ಆತ ಗೃಹಬಂಧನದಲ್ಲಿದ್ದ, ಕಣ್ಣು ಹೋಗಿತ್ತು. ಚರ್ಚಿನ ನಿಷೇಧದಿಂದಾಗಿ ಇಟಲಿಯಲ್ಲಿ ಅಚ್ಚಾಗದ ಆ ಬರಹ ಹಾಲೆಂಡಿನ ಲೈಡನ್ ಊರಲ್ಲಿ ಅಚ್ಚಾಯಿತು. ನಂಬಿಕೆಯ ಹೆಸರಲ್ಲಿ ಬಾಯಿ ಮುಚ್ಚಿಸಿದ ಕಾಲದಲ್ಲೇ ಇಂಥ ಯೋಚನೆ ಹುಟ್ಟಿತೆಂಬುದು ನನಗೆ ಇಂದಿಗೂ ರೋಮಾಂಚನ.

ಹಾರುವ ಹುಳದ ಕಥೆ ಬೇರೆ. ನಮ್ಮ ಅವಳಿ ನಗರದ ಕಿಟಕಿ ಮುಚ್ಚಿದ ಎ.ಸಿ. ಬಸ್ಸು 'ಚಿಗರಿ'ಯಲ್ಲಿ ಗಾಳಿಯೂ ಬಸ್ಸಿನೊಡನೆ ಓಡುತ್ತಿರುತ್ತದೆ, ಅದರಲ್ಲಿ ನೊಣವೂ. ಬ್ರೇಕ್ ಹಾಕಿದಾಗ ನಿಂತ ನಾವು ಮುಗ್ಗರಿಸುತ್ತೇವೆ. ನೊಣ ಮೊದಲೇ ತನ್ನ ಇಡೀ ತೂಕವನ್ನು ರೆಕ್ಕೆಯಲ್ಲಿ ಹೊತ್ತಿದೆ. ಬ್ರೇಕಿನ ಎಳೆತ ಅದಕ್ಕಿಂತ ಕಡಿಮೆ, ಮೈ ತುಸು ವಾಲಿಸಿದರೆ ಮುಗಿಯಿತು.

ಮಳೆಹನಿಯನ್ನೂ ಸೊಳ್ಳೆ ಗೆಲ್ಲುತ್ತದೆ. ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದವರು 2012ರಲ್ಲಿ ತೋರಿಸಿದಂತೆ, ತನಗಿಂತ 50 ಪಟ್ಟು ಭಾರದ ಹನಿ ಬಡಿದರೂ ಹಾರುತ್ತಿರುವ ಸೊಳ್ಳೆ ಅಡ್ಡ ನಿಲ್ಲುವುದಿಲ್ಲ. ಹನಿಯೊಡನೆ ತುಸು ಕೆಳಗಿಳಿದು ಕಳಚಿಕೊಳ್ಳುತ್ತದೆ. ಆ ಕ್ಷಣದ ಎಳೆತ ಗುರುತ್ವದ 100ರಿಂದ 300 ಪಟ್ಟು.

ಆದರೆ ಮೊದಲ ಮಳೆಯಾದ ಸಂಜೆ ಗದಗ ರಸ್ತೆಯ ಲಾರಿಗಳ ಮುಂದಿನ ಗಾಜು ನೋಡಿ, ಹುಳಗಳ ಹೆಣವೇ ಮೆತ್ತಿರುತ್ತದೆ. ಗಾಜು ಹನಿಯಂತೆ ಬಾಗದು. ಅರ್ಧ ಸೆಂಟಿಮೀಟರ್ ಹುಳ 60 ಕಿ.ಮೀ. ವೇಗವನ್ನು ತನ್ನ ಮೈಯುದ್ದದಲ್ಲೇ ಹೊಂದಿಸಿಕೊಳ್ಳಬೇಕು: 17 ಅಲ್ಲ, 2800 ಪಟ್ಟು. ಕಣ್ಣಿಗೆ ಕಾಣದಷ್ಟು ಪುಟ್ಟವು ಮಾತ್ರ ಗಾಜನ್ನು ಬಳಸಿ ಹರಿಯುವ ಗಾಳಿಯೊಡನೆ ಪಕ್ಕಕ್ಕೆ ಸರಿದು ಹೋಗುತ್ತವೆ. ತುಸು ಭಾರದ ಹುಳಕ್ಕೆ ಅಷ್ಟು ಬೇಗ ತಿರುಗಲಾಗದು, ನೇರ ಬಂದು ಬಡಿಯುತ್ತದೆ.