ಗೂಡು ಅಮುಕಿ ನೋಡಿ ಹಾಕುವ ದರ ಬರೀ ಅಭಿಪ್ರಾಯವೇ?

ಪ್ರಶ್ನೆ: ಶಿಡ್ಲಘಟ್ಟ ಮಾರುಕಟ್ಟೆಗೆ ರೇಷ್ಮೆ ಗೂಡು ತಂದರೆ ರೀಲರ್‌ಗಳು, ಅಂದರೆ ಗೂಡು ಬಿಚ್ಚಿ ನೂಲು ತೆಗೆಯುವವರು, ಒಂದು ಹಿಡಿ ಎತ್ತಿ, ಅಮುಕಿ ನೋಡಿ ದರ ಹಾಕುತ್ತಾರೆ. ಒಬ್ಬರಿಗೆ ಹಿಡಿಸಿದ್ದಕ್ಕೆ ಇನ್ನೊಬ್ಬರು ಮೂಗು ಮುರಿಯುತ್ತಾರೆ. ಇದೆಲ್ಲ ಅವರವರ ಅಭಿಪ್ರಾಯ ತಾನೇ? ಹಾಗಾದರೆ ವಸ್ತುನಿಷ್ಠ ತೀರ್ಮಾನ ಅಂದರೆ ಯಾವುದು?

ಉತ್ತರ: ಮನುಷ್ಯ ಹೇಳಿದ ಎಂಬ ಕಾರಣಕ್ಕೇ ಒಂದು ಮಾತು ವ್ಯಕ್ತಿನಿಷ್ಠ ಆಗುವುದಿಲ್ಲ. ತಕ್ಕಡಿ ಹೇಳಿತು ಎಂಬ ಕಾರಣಕ್ಕೇ ವಸ್ತುನಿಷ್ಠವೂ ಆಗುವುದಿಲ್ಲ. ಆ ಮಾತು ತಪ್ಪಾಗಿದ್ದರೆ ಬೇರೆಯವರು ಅದನ್ನು ತೋರಿಸಿಕೊಡಲು ದಾರಿ ಇದೆಯೇ ಎಂದು ನೋಡಬೇಕು. "ಈ ಹಳದಿ ನನಗೆ ಇಷ್ಟ" ಎಂದವರ ಜೊತೆ ವಾದಕ್ಕೆ ಜಾಗವಿಲ್ಲ. "ಈ ಲಾಟ್‌ನಲ್ಲಿ ನೂಲು ಚೆನ್ನಾಗಿ ಬರುತ್ತದೆ" ಎಂದರೆ ಬಿಚ್ಚಿ ನೋಡಬಹುದು. ಒಂದು ಕಿಲೋ ಕಚ್ಚಾ ರೇಷ್ಮೆಗೆ ಎಷ್ಟು ಕಿಲೋ ಗೂಡು ಬೇಕಾಯಿತು ಎಂಬ ಲೆಕ್ಕವೇ ರೆಂಡಿಟ್ಟಾ. ಅದು ಕಡಿಮೆಯಿದ್ದಷ್ಟೂ ಗೂಡು ಒಳ್ಳೆಯದು.

ಅಳತೆಯೂ ಎಡವುತ್ತದೆ. 20 ಗೂಡು ಒಟ್ಟು 36 ಗ್ರಾಂ ತೂಗಿತು ಎಂದುಕೊಳ್ಳಿ. ಕತ್ತರಿಸಿ ಪ್ಯೂಪಾ (ಗೂಡಿನೊಳಗೆ ಕೋಶವಾಗಿ ಮಾರ್ಪಟ್ಟ ಹುಳು) ತೆಗೆದ ಮೇಲೆ ಬರೀ ಸಿಪ್ಪೆ 6.48 ಗ್ರಾಂ ಇದ್ದರೆ ಶೆಲ್ ಪ್ರಮಾಣ, ಅಂದರೆ ಗೂಡಿನ ತೂಕದಲ್ಲಿ ಸಿಪ್ಪೆಯ ಪಾಲು, 18%. ಲೆಕ್ಕ ಸರಿ. ಆದರೆ ಆ 20 ಗೂಡು ಎಲ್ಲಿಂದ ಬಂದವು? ಮೇಲಿನವನ್ನೇ ಆರಿಸಿದ್ದರೆ ಅಡಿಯಲ್ಲಿರುವ ಜಳ್ಳು (ಸಿಪ್ಪೆ ತೆಳುವಾದ ಗೂಡು), ಕಲೆ, ಜೋಡಿ ಗೂಡು (ಎರಡು ಹುಳು ಸೇರಿ ಕಟ್ಟಿದ್ದು) ಲೆಕ್ಕಕ್ಕೇ ಸಿಗವು. ಹೆಣ್ಣು ಪ್ಯೂಪಾ ಗಂಡಿಗಿಂತ ಭಾರ, ಹಾಗಾಗಿ ಹೆಣ್ಣು ಗೂಡಿನಲ್ಲಿ ಶೆಲ್ ಪ್ರಮಾಣ ಕಡಿಮೆ. ಮಾದರಿಯಲ್ಲಿ ಹೆಣ್ಣೇ ಹೆಚ್ಚು ಬಿದ್ದರೆ ಒಳ್ಳೆಯ ಲಾಟ್ ಕೂಡ ಸೊರಗಿದಂತೆ ಕಾಣುತ್ತದೆ. ಹುಳು ಪ್ಯೂಪಾ ಆಗುವ ಮೊದಲೇ ಗೂಡು ಬಿಡಿಸಿದ್ದರೂ ಒಳಗಿನ ತೂಕ ಜಾಸ್ತಿಯಾಗಿ ಶೆಲ್ ಪ್ರಮಾಣ ಇಳಿಯುತ್ತದೆ. ಅದಕ್ಕೇ ಮೇಲೆ, ನಡುವೆ, ಅಡಿ, ಮೂರೂ ಕಡೆಯಿಂದ ಕಣ್ಣುಮುಚ್ಚಿ ತೆಗೆಯಬೇಕು. ತೆಗೆದ ಮೇಲೆ ಗಂಡು, ಹೆಣ್ಣು ಬೇರ್ಪಡಿಸಿ ತೂಗಬೇಕು. ಇಷ್ಟು ಮಾಡಿದರೂ ನೂಲು ಎಷ್ಟು ಸಲೀಸಾಗಿ ಬಿಚ್ಚುತ್ತದೆ ಎಂದು ಈ ಸಂಖ್ಯೆ ಹೇಳದು. ಹುಳು ಗೂಡು ಕಟ್ಟುವಾಗ ತೇವ ಹೆಚ್ಚಿದ್ದರೆ, ಸಿಪ್ಪೆ ದಪ್ಪಗಿದ್ದರೂ ನೂಲು ಪದೇ ಪದೇ ತುಂಡಾಗುತ್ತದೆ.

ಈಗ ರೀಲರ್‌ನ ಕೈಗೆ ಬನ್ನಿ. ಅಮುಕಿದಾಗ ಸಿಪ್ಪೆಯ ಗಟ್ಟಿತನ ತಿಳಿಯುತ್ತದೆ, ಅಲ್ಲಾಡಿಸಿದಾಗ ಪ್ಯೂಪಾ ಬಲಿತಿದೆಯೇ ಎಂಬುದು. ವರ್ಷಗಟ್ಟಲೆ ತಾನೇ ಬಿಚ್ಚಿಸಿದ ನೂಲಿನ ಲೆಕ್ಕದೊಂದಿಗೆ ತಾಳೆ ನೋಡುತ್ತಾ ಬಂದ ಕೈ ಅದು. ಅದನ್ನು ಹಗುರವಾಗಿ ಕಾಣುವುದು ನಮ್ಮ ಮಟ್ಟಿಗೆ ಅನ್ಯಾಯ. ಆದರೆ ಪರೀಕ್ಷಿಸದೆ ನಂಬುವುದೂ ಬೇಡ. ರೈತರ ಹೆಸರು ಮರೆಮಾಡಿ, ಒಂದೇ ಲಾಟನ್ನು ಎರಡು ಭಾಗ ಮಾಡಿ, ಒಂದೇ ಎಂದು ಹೇಳದೆ ಇಬ್ಬರು ರೀಲರ್‌ಗಳಿಗೆ ಕೊಡಿ. ಮಾತಾಡುವ ಮೊದಲೇ ಇಬ್ಬರೂ ತಮ್ಮ ರೆಂಡಿಟ್ಟಾ ಅಂದಾಜು ಬರೆಯಲಿ. ಆಮೇಲೆ ಬಿಚ್ಚಿ ನೋಡಿ. ಹೀಗೆ ಹಲವು ಲಾಟ್‌ಗಳಲ್ಲಿ ಮಾಡಿದಾಗ, ಒಬ್ಬರ ಅಂದಾಜುಗಳು ನಿಜವಾದ ಲೆಕ್ಕದಿಂದ ಅತ್ತಿತ್ತ ಚದುರಿದರೆ ಕೈ ಇನ್ನೂ ಪಳಗಿಲ್ಲ. ಎಲ್ಲವೂ ಒಂದೇ ಕಡೆಗೆ ವಾಲಿದರೆ ಅದು ಪೂರ್ವಗ್ರಹ, ಮತ್ತೆ ಮತ್ತೆ ಮಾಡಿಸಿ ಸರಾಸರಿ ತೆಗೆದರೂ ಹೋಗದು.

ಮೊದಲೇ ಬರೆಯಿಸುವುದಕ್ಕೆ ಕಾರಣವಿದೆ. ಮನೋವಿಜ್ಞಾನಿಗಳಾದ ಟ್ವೆರ್ಸ್ಕಿ ಮತ್ತು ಕಾನೆಮನ್ 1974ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಒಂದು ಪ್ರಯೋಗ ಬರುತ್ತದೆ. ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟು ಎಂದು ಕೇಳುವ ಮುನ್ನ ಸಂಖ್ಯೆಗಳಿದ್ದ ಒಂದು ಚಕ್ರ ತಿರುಗಿಸಿದರು. 10 ಕಂಡವರ ಅಂದಾಜು 25ರ ಆಸುಪಾಸು, 65 ಕಂಡವರದ್ದು 45. ಸಂಬಂಧವೇ ಇಲ್ಲದ ಸಂಖ್ಯೆ ಇಷ್ಟು ಎಳೆಯುವುದಾದರೆ, ಕಿವಿಗೆ ಬಿದ್ದ ಪಕ್ಕದವರ ದರ ಇನ್ನೆಷ್ಟು ಎಳೆದೀತು?

ಇನ್ನು ದರ. ಗೂಡಿನ ಗುಣ ಒಂದೇ ಎಂದು ಇಬ್ಬರೂ ಒಪ್ಪಿ ಬೇರೆ ಬೇರೆ ದರ ಹಾಕಬಹುದು. ನೂಲು ಬಿಚ್ಚಲು ಒಬ್ಬರದು ಚರಕ, ಇನ್ನೊಬ್ಬರದು ಮಲ್ಟಿಎಂಡ್ ಯಂತ್ರ. ಒಬ್ಬರ ಬಳಿ ಗೂಡಿನ ದಾಸ್ತಾನಿದೆ, ಇನ್ನೊಬ್ಬರ ಬಳಿ ಇಲ್ಲ. ಅಲ್ಲಿ ಯಾರದೂ ತಪ್ಪಲ್ಲ, ಅವರವರ ಅಗತ್ಯ ಬೇರೆ. ಮೂಗು ಮುರಿದವರನ್ನು "ಏನು ಕಂಡಿತು ಸ್ವಾಮಿ?" ಎಂದು ಕೇಳಿ. ಕಲೆ, ಜಳ್ಳು ಎಂದು ತೋರಿಸಿದರೆ ಅದನ್ನು ಎಣಿಸಿ ನೋಡಬಹುದು. "ನಮಗೆ ಬೇಡ" ಎಂದಷ್ಟೇ ಹೇಳಿದರೆ ಅದು ನಿಮ್ಮ ಗೂಡಿನ ಬಗ್ಗೆ ಆಡಿದ ಮಾತಲ್ಲ.