ಚಿಕಿತ್ಸಾ ಸೂಚ್ಯಂಕ: ವಿಷಕ್ಕೂ ಮದ್ದಿಗೂ ನಡುವಿನ ಅಂತರ

ಒಂದು ವಸ್ತುವನ್ನು ಎಷ್ಟು ಕೊಟ್ಟರೆ ಅರ್ಧದಷ್ಟು ರೋಗಿಗಳಲ್ಲಿ ಗುಣ ಕಾಣುತ್ತದೆ? ಎಷ್ಟು ಕೊಟ್ಟರೆ ಅರ್ಧದಷ್ಟು ಮಂದಿಗೆ ಕೇಡಾಗುತ್ತದೆ? ಎರಡನೆಯ ಪ್ರಮಾಣವನ್ನು ಮೊದಲನೆಯದರಿಂದ ಭಾಗಿಸಿದಾಗ ಸಿಗುವ ಸಂಖ್ಯೆಯೇ ಚಿಕಿತ್ಸಾ ಸೂಚ್ಯಂಕ. ಅದು ದೊಡ್ಡದಿದ್ದರೆ ಪ್ರಮಾಣ ಕೊಂಚ ಹೆಚ್ಚಾದರೂ ರೋಗಿ ಪಾರಾಗುತ್ತಾನೆ. ಒಂದಕ್ಕೆ ಹತ್ತಿರವಾದಷ್ಟೂ ತಪ್ಪಿಗೆ ಆಸ್ಪದವಿಲ್ಲ. ತೀಕ್ಷ್ಣ ವಿಷವೂ ಸರಿಯಾಗಿ ಬಳಸಿದರೆ ಉತ್ತಮ ಮದ್ದಾಗುತ್ತದೆ, ತಪ್ಪಾಗಿ ಬಳಸಿದ ಮದ್ದೂ ವಿಷವಾಗುತ್ತದೆ ಎಂದು ಚರಕಸಂಹಿತೆ ಹೇಳುತ್ತದೆ. ಆ ತಿಳಿವಳಿಕೆಗೆ ಅಳತೆ ಒದಗಿದ್ದು ಬಹಳ ತಡವಾಗಿ.

ಸೂಚ್ಯಂಕ ತೀರಾ ಚಿಕ್ಕದಾಗಿರುವ ಔಷಧಕ್ಕೆ ಡಿಜಾಕ್ಸಿನ್ ಒಳ್ಳೆಯ ಉದಾಹರಣೆ. ಯುರೋಪಿನ ಫಾಕ್ಸ್‌ಗ್ಲೋವ್ ಗಿಡ ವಿಷಕಾರಿ. ಅದರ ಎಲೆಯಿಂದ ಮೈಬಾವು ಇಳಿಯುವುದನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ವರ್ಷಗಟ್ಟಲೆ ಗಮನಿಸಿ 1785ರಲ್ಲಿ ಪ್ರಕಟಿಸಿದರು. ಅದೇ ಕುಲದ ಗಿಡದಿಂದ ಬಂದ ಡಿಜಾಕ್ಸಿನ್ ಹೃದಯಕ್ಕೆ ಬಲ ಕೊಡುತ್ತದೆ. ಆದರೆ ರೋಗಿಯ ಮೂತ್ರಪಿಂಡ ಸೋತಾಗ ಅದು ರಕ್ತದಲ್ಲಿ ಉಳಿದು, ನಿನ್ನೆಯವರೆಗೆ ಒಗ್ಗಿದ ಮಾತ್ರೆಯೇ ಹೃದಯದ ಲಯ ಕೆಡಿಸಬಲ್ಲದು. ನಮ್ಮ ಹಿತ್ತಿಲಿನ ಕಣಗಿಲೆಯಲ್ಲಿಯೂ ಇದೇ ಬಗೆಯ ವಿಷವಿದೆ. ಎಲೆಯಿಂದ ಎಲೆಗೆ ಅದರ ಪ್ರಮಾಣ ಬೇರೆ. ಅಡುಗೆಮನೆಯಲ್ಲಿ ಅದನ್ನು ಅಳೆಯುವ ದಾರಿಯಿಲ್ಲ. ‘ಗಿಡದ್ದಲ್ಲವೇ, ಏನೂ ಆಗುವುದಿಲ್ಲ’ ಎನ್ನುವ ಧೈರ್ಯ ನನಗೆ ದಿಗಿಲು ಹುಟ್ಟಿಸುತ್ತದೆ.

ಸೂಚ್ಯಂಕ ವಸ್ತುವಿಗೆ ಅಂಟಿಕೊಂಡ ಗುಣವಲ್ಲ, ದೇಹದ ಸ್ಥಿತಿಯನ್ನೂ ಅದು ಅವಲಂಬಿಸುತ್ತದೆ. ಇದನ್ನು ಅಟ್ರೊಪಿನ್‌ನಷ್ಟು ಸ್ಪಷ್ಟವಾಗಿ ತೋರಿಸುವ ಮದ್ದು ಇನ್ನೊಂದಿಲ್ಲವೆಂದು ನನ್ನ ಭಾವನೆ. ಶಿವನಿಗೆ ಏರಿಸುವ ಉಮ್ಮತ್ತಿಯ ಹೂವು ನಮಗೆಲ್ಲ ಗೊತ್ತು. ಅದರ ಬೀಜ ತಿಂದವರ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಎದೆ ಡವಗುಟ್ಟುತ್ತದೆ, ಬುದ್ಧಿ ಕದಡುತ್ತದೆ. ಇದಕ್ಕೆ ಕಾರಣವಾಗುವ ವಿಷಗಳಲ್ಲಿ ಅಟ್ರೊಪಿನ್ ಒಂದು. ಈಗ ಹೊಲದಲ್ಲಿ ಆರ್ಗನೊಫಾಸ್ಫೇಟ್ ಕೀಟನಾಶಕ ಸಿಂಪಡಿಸುತ್ತಾ ಅದು ಮೈಗೇರಿದ ರೈತನನ್ನು ನೋಡಿ. ನರಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಒಡೆಯದೆ ರಾಶಿಬಿದ್ದು ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಪಾಪೆ ಕುಗ್ಗುತ್ತದೆ, ನಾಡಿ ನಿಧಾನವಾಗುತ್ತದೆ, ಶ್ವಾಸಕೋಶದಲ್ಲಿ ದ್ರವ ತುಂಬುತ್ತದೆ. ಬಹುಪಾಲು ಲಕ್ಷಣಗಳು ಉಮ್ಮತ್ತಿಯ ವಿಷಕ್ಕೆ ತದ್ವಿರುದ್ಧ! ಅಸಿಟೈಲ್‌ಕೋಲಿನ್ ಹೋಗಿ ಕೂರುವ ಜಾಗವನ್ನೇ ಅಟ್ರೊಪಿನ್ ಮುಚ್ಚಿಬಿಡುತ್ತದೆ. ಆಸ್ಪತ್ರೆಯಲ್ಲಿ ಅದರ ಪ್ರಮಾಣವನ್ನು ಕೆಲವು ನಿಮಿಷಗಳಿಗೊಮ್ಮೆ ಇಮ್ಮಡಿಸುತ್ತಾ, ಶ್ವಾಸಕೋಶ ತಿಳಿಯಾಗುವವರೆಗೂ ಕೊಡುತ್ತಾರೆ. ಆರೋಗ್ಯವಂತನಿಗೆ ಅಷ್ಟು ಕೊಟ್ಟರೆ ಅದು ನೇರ ವಿಷಪ್ರಾಶನ. ಈ ರೈತನಿಗೆ ಅದೇ ಜೀವದಾನ.

ಹಾವಿನ ವಿಷದ ಕತೆ ಬೇರೆ. ಬ್ರೆಜಿಲ್‌ನ ಜರರಾಕಾ ಎಂಬ ಮಂಡಲದ ಹಾವು ಕಚ್ಚಿದವರ ರಕ್ತದೊತ್ತಡ ಕುಸಿಯುತ್ತದೆ. ಅದರ ವಿಷದಲ್ಲಿ, ರಕ್ತನಾಳಗಳನ್ನು ಹಿಗ್ಗಿಸುವ ಬ್ರಾಡಿಕೈನಿನ್‌ನ ಪರಿಣಾಮವನ್ನು ಹೆಚ್ಚಿಸುವ ಅಂಶವನ್ನು ಅಲ್ಲಿನ ವಿಜ್ಞಾನಿ ಸರ್ಜಿಯೊ ಫೆರೇರಾ 1960ರ ದಶಕದಲ್ಲಿ ಗುರುತಿಸಿದರು. ಆ ಅಂಶ ಪೆಪ್ಟೈಡ್, ಅಂದರೆ ಪ್ರೋಟೀನಿನ ಪುಟ್ಟ ತುಣುಕಿನಂಥದ್ದು; ನುಂಗಿದರೆ ಜಠರದಲ್ಲೇ ಜೀರ್ಣವಾಗುತ್ತದೆ. ಆದ್ದರಿಂದ ಅದು ಯಾವ ಕಿಣ್ವವನ್ನು ತಡೆಯುತ್ತದೆಂಬುದನ್ನು ಅರಿತು, ವಿಜ್ಞಾನಿಗಳಾದ ಡೇವಿಡ್ ಕುಶ್ಮನ್ ಮತ್ತು ಮಿಗೆಲ್ ಒಂಡೆಟ್ಟಿ ಅದೇ ಕೆಲಸ ಮಾಡುವ ಪುಟ್ಟ ಅಣುವೊಂದನ್ನು ಪ್ರಯೋಗಾಲಯದಲ್ಲಿ ಕಟ್ಟಿದರು. ಕ್ಯಾಪ್ಟೊಪ್ರಿಲ್ ಎಂಬ ಆ ಔಷಧಕ್ಕೆ 1981ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇಂದು ರಕ್ತದೊತ್ತಡಕ್ಕೆ ಅನೇಕರು ನುಂಗುವ ಎನಲಾಪ್ರಿಲ್, ರಾಮಿಪ್ರಿಲ್ ಅದೇ ಗುಂಪಿನವು. ಈ ಮಾತ್ರೆಗಳಲ್ಲಿ ಹಾವಿನ ವಿಷದ ಹನಿಯೂ ಇಲ್ಲ. ವಿಷ ಕಲಿಸಿದ ಉಪಾಯವಷ್ಟೇ ಇದೆ. ಡಿಜಾಕ್ಸಿನ್‌ಗೆ ಹೋಲಿಸಿದರೆ ಪ್ರಮಾಣದ ವಿಷಯದಲ್ಲಿ ಇವು ಎಷ್ಟೋ ಸುರಕ್ಷಿತ. ಆದರೂ ಗರ್ಭಿಣಿಯರಿಗೆ ಇವನ್ನು ಕೊಡುವುದಿಲ್ಲ, ಏಕೆಂದರೆ ತಾಯಿಯ ರಕ್ತದೊತ್ತಡ ಇಳಿಸುವ ಪ್ರಮಾಣವೇ ಭ್ರೂಣದ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲದು.